ಸಂತಮ್ಮನ ತಂಗಿ

ಪೂಜ್ಯ ಗುರುಗಳಿಗೆ ನಮಸ್ಕಾರ.

ಅಕ್ಕನ ಮಗಳ ಜ್ವರ ಬಿಟ್ಟಿದೆ. ಅದು ಈಗ ಸಂತಮ್ಮನಾಗಿರುವ ಅಕ್ಕನ ಪವಾಡವೆಂದು ಭಾನುವಾರ ಎಲ್ಲರೆದುರು ನಾನು ಸಾಕ್ಷಿ ನುಡಿಯಬೇಕೆಂದು ಹೇಳಿಕಳಿಸಿದ್ದೀರಿ.

ನಮ್ಮ ದೇವರನ್ನು ಬಿಟ್ಟು ಚಕ್ರವರ್ತಿಯ ಮೂರ್ತಿಗೆ ಧೂಪ ಹಾಕಲಾರೆ ಎಂದು ಅಕ್ಕ ಪ್ರಾಣ ಕೊಟ್ಟಾಗ ಈ ಹುಡುಗಿ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅಕ್ಕನದು ದೊಡ್ಡ ಧೈರ್ಯ, ಇಲ್ಲವೆನ್ನುವುದಿಲ್ಲ. ಆದರೆ ಅವಳು ಸತ್ತದ್ದು ಒಂದು ಬೆಳಿಗ್ಗೆ. ಮಗು ಹಸಿದು ಅತ್ತದ್ದು ದಿನಾ ಬೆಳಿಗ್ಗೆ. ಬಟ್ಟೆಗಳಿಗೆ ಬಣ್ಣ ಹಾಕುವ ಕೂಲಿಯಲ್ಲಿ ಅದನ್ನು ಸಾಕಿದೆ. ಸಮಾಧಿಯ ಮುಂದೆ ನಿಲ್ಲಿಸಿ ‘ಅಮ್ಮ’ ಎನ್ನಲು ಕಲಿಸಿದವಳೂ ನಾನೇ.

ಈಗ ಹಡಗು ಹತ್ತಿ ಬರುವ ಯಾತ್ರಿಕರು ನಮ್ಮ ಹೊಸ್ತಿಲಿಗೆ ಮುತ್ತಿಡುತ್ತಾರೆ. ಮೊನ್ನೆ ಒಬ್ಬಾಕೆ ನನ್ನನ್ನು ದಿಟ್ಟಿಸಿ, “ನೀವು ತಂಗೀನಾ? ಒಂಚೂರೂ ಹೋಲಲ್ವಲ್ಲ!” ಎಂದಳು. ನೀವು ಬರೆಸಿದ ಚಿತ್ರದಲ್ಲಿ ಅಕ್ಕನಿಗೆ ಸಂಪಿಗೆ ಮೂಗು. ನಿಜದಲ್ಲಿ ನನ್ನ ಹಾಗೆಯೇ ಮೊಂಡು ಮೂಗು.

ಜ್ವರ ನೆತ್ತಿಗೇರಿದಾಗ ಒದ್ದೆಬಟ್ಟೆ ಹಾಕುತ್ತಾ ಕೂತವಳು ನಾನು. ನೋಡಲು ಬಂದವರು, “ಸಂತಮ್ಮ ಕೈ ಬಿಡ್ಲಿಲ್ಲ ನೋಡಿ” ಎನ್ನುತ್ತಾ ನನ್ನನ್ನು ದಾಟಿಕೊಂಡು ಹೋಗಿ ಸಮಾಧಿಗೆ ಹೂವಿಟ್ಟರು.

ಭಾನುವಾರ ಬರುತ್ತೇನೆ, ನೀವು ಹೇಳಿದಂತೆಯೇ ಹೇಳುತ್ತೇನೆ. ಹುಡುಗಿಗೆ ಇನ್ನೂ ನಿಶ್ಶಕ್ತಿ, ಕೂರಲು ಜಾಗ ಮಾಡಿಸಿ, ಪಕ್ಕದಲ್ಲಿ ನನಗೂ.

ಒಂದು ಮಾತನ್ನು ಮಾತ್ರ ಅಲ್ಲಿ ಹೇಳುವುದಿಲ್ಲ. ಮೈಮೇಲೆ ಎಚ್ಚರವಿಲ್ಲದಾಗ ಅವಳು ಕೂಗಿದ್ದು “ಚಿಕ್ಕಮ್ಮಾ” ಎಂದು. ತಾವು ದಿನವೂ ಪ್ರಾರ್ಥನೆಯಲ್ಲಿ ಅಕ್ಕನೊಡನೆ ಮಾತನಾಡುವವರು. ದಯವಿಟ್ಟು ಇದನ್ನು ಅವಳ ಕಿವಿಗೆ ಹಾಕಬೇಡಿ.

ಇಂತಿ,
ಹುಡುಗಿಯ ಚಿಕ್ಕಮ್ಮ