ಗದ್ದದ ಮೇಲಿನ ಗುರುತು

ಮನೆಯಿಂದ,
ಗುರುವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಗುಬ್ಬಿ,

ಕೆಮ್ಮು ಹೇಗಿದೆ? ಹೋದ ವಾರ ಫೋನಿನಲ್ಲಿ ನಿನ್ನ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು. ಬಿಸಿನೀರು ಕುಡಿ, ಹೊರಗೆ ಹೋಗುವಾಗ ಕಿವಿ ಮುಚ್ಚಿಕೋ. ಕಲಾವಿದೆಯರಿಗೆ ನೆಗಡಿಯಾಗುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅಪ್ಪ ಆರೋಗ್ಯವಾಗಿದ್ದಾರೆ, ಆದರೆ ಸೋಮವಾರದಿಂದ ಮಾತು ಕಡಿಮೆ. ಅದಕ್ಕೆ ಕಾರಣ ನಿನ್ನ ಪ್ರದರ್ಶನ. ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧದಲ್ಲೇ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ನೀನು ಚಿತ್ರಗಳನ್ನೆಲ್ಲ ಗೋಡೆಗೆ ಹಾಕಿ ಮರುದಿನವೇ ರೈಲು ಹತ್ತಿದೆ. ನಾವಿಬ್ಬರೂ ಸೋಮವಾರ ಮಧ್ಯಾಹ್ನ ಹೋದೆವು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ ಕಾವಲಿನ ಹೆಂಗಸು "ಮುಟ್ಬೇಡಿ, ಸ್ವಲ್ಪ ದೂರದಿಂದ ನೋಡಿ" ಅಂದಳು. ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷ ಈ ಮುಖಗಳಿಗೆ ಮೂಗು ತಾಗಿಸಿಕೊಂಡೇ ಕೂತವಳು ನಾನು, ದೂರದಿಂದ ನೋಡಿ ಅಭ್ಯಾಸವಿಲ್ಲ. ನೆಗೆಟಿವ್ ಅನ್ನು ಬೆಳಕಿನ ಗಾಜಿನ ಮೇಲಿಟ್ಟು, ಪೆನ್ಸಿಲ್ ಮೊನೆಯಿಂದ ಮಚ್ಚೆ, ಸುಕ್ಕು, ಕಣ್ಣಡಿಯ ಕಪ್ಪು ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ತುಂಬಿ ಅಳಿಸುವುದೇ ನನ್ನ ಕೆಲಸವಾಗಿತ್ತು. ಸ್ಟುಡಿಯೋ ಮುಚ್ಚಿದಾಗ ಅದರ ಯಜಮಾನರು ಕೊಟ್ಟ ನೆಗೆಟಿವ್ ಕವರುಗಳ ಪೆಟ್ಟಿಗೆಯನ್ನು ನೀನು ಕೇಳಿದಾಗ, ಹಳೆಯ ಕವರುಗಳ ಮೇಲೆ ಇವಳಿಗೇಕಿಷ್ಟು ಆಸೆ ಅಂದುಕೊಂಡಿದ್ದೆ. ಈಗ ನೋಡಿದರೆ ನನ್ನ ಪೆನ್ಸಿಲಿನ ಕೆಲಸವನ್ನೆಲ್ಲ ಹತ್ತಿಯಿಂದ ಒರೆಸಿ ಹಾಕಿ, ಅವತ್ತು ಫೋಟೋ ತೆಗೆಸಿಕೊಂಡ ಹೆಣ್ಣುಮಕ್ಕಳನ್ನು ಮಚ್ಚೆ ಸಮೇತ ಆಳೆತ್ತರ ಮಾಡಿ ನಿಲ್ಲಿಸಿದ್ದೀಯ. ಕವರಿನ ಮೇಲೆ ಮನೆಯವರು ಬರೆಸಿದ್ದ ಮಾತನ್ನು ಆ ಹೆಣ್ಣುಮಕ್ಕಳ ಮುಖದ ಮೇಲೇ ಕೆಂಪಕ್ಷರದಲ್ಲಿ ಬರೆದಿದ್ದೀಯ. "ಬಣ್ಣ ತಿಳಿ ಮಾಡಬೇಕು — ತಂದೆ." "ಭುಜ ಇಳಿಸಬೇಕು — ಅಣ್ಣ." "ನಗು ಕಡಿಮೆ ಮಾಡಬೇಕು — ಅತ್ತೆ." ಮೊದಲು ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಒಂದೊಂದು ಮುಖಕ್ಕೂ ಅರ್ಧ ದಿನ ಕಣ್ಣು ಸವೆಸಿದ್ದೆ. ಆಮೇಲೆ ಕುತೂಹಲ ಹಿಡಿದುಕೊಂಡಿತು. ಆ ನಗುವಿನವಳ ತುಟಿಯ ಕೊನೆಯನ್ನು ಕೆಳಗೆ ಎಳೆದದ್ದು ನನಗೆ ಚೆನ್ನಾಗಿ ನೆನಪಿದೆ, ಆದರೆ ಅವಳು ಯಾವುದಕ್ಕೆ ನಕ್ಕಿದ್ದಳು ಎಂದು ಅವತ್ತು ಯೋಚಿಸಿಯೇ ಇರಲಿಲ್ಲ. ಸೋಮವಾರ ಅದನ್ನೇ ಯೋಚಿಸುತ್ತ ಅವಳೆದುರು ಎಷ್ಟು ಹೊತ್ತು ನಿಂತೆನೋ. ಅಕ್ಷರ ಕೆಲವರಿಗೆ ಹಣೆಯ ಮೇಲಿದೆ, ಕೆಲವರಿಗೆ ಬಾಯಿಯ ಮೇಲೆ. ಜಾಗವನ್ನು ಹೇಗೆ ಆರಿಸುತ್ತೀ? ಓದುವಾಗ ಮುಖ ಕಾಣುವುದಿಲ್ಲ, ಮುಖ ನೋಡುವಾಗ ಓದಲಾಗುವುದಿಲ್ಲ, ಕಣ್ಣಿಗೆ ಸುಮ್ಮನಿರಲು ಬಿಡದ ಈ ಉಪಾಯ ನಿನಗೆ ಯಾರು ಕಲಿಸಿದರು? ಕಾಲೇಜಿನ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಿ ನಗುತ್ತ ಬಂದವಳು ನಾಲ್ಕನೆಯ ಚಿತ್ರದಿಂದ ತಿರುಗಿ ಮತ್ತೆ ಮೊದಲನೆಯದಕ್ಕೆ ಹೋದಳು.

ಕೊನೆಯ ಗೋಡೆಯಲ್ಲಿ ನಾನಿದ್ದೆ. ಮದುವೆಯಾದ ಹೊಸತರಲ್ಲಿ ನಮ್ಮ ಸ್ಟುಡಿಯೋದಲ್ಲೇ ತೆಗೆಸಿದ ಫೋಟೋ. ಏಳನೆಯ ವಯಸ್ಸಿನಲ್ಲಿ ಮೆಟ್ಟಿಲಿನಿಂದ ಬಿದ್ದು ಗದ್ದ ಸೀಳಿಕೊಂಡ ಗುರುತು ಅಷ್ಟು ದೊಡ್ಡದಾಗಿ ಕಂಡು ನನಗೇ ಅಪರಿಚಿತಳಾದೆ. ಅದರ ಕೆಳಗೆ, "ಗದ್ದದ ಗಾಯ ತೆಗೆಯಬೇಕು — ಗಂಡ." ಗುಬ್ಬಿ, ಉಳಿದ ಕವರುಗಳ ಮೇಲೆಲ್ಲ ಬರಹವಿತ್ತು, ನನ್ನದು ಖಾಲಿಯಿತ್ತು. ನೀನು ಊಹಿಸಿ ತುಂಬಿದ್ದೀಯ. ಅಪ್ಪ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಅವರನ್ನೂ ನನ್ನನ್ನೂ ನೋಡಿ ದೂರ ಸರಿದರು. ಬಸ್ಸಿನಲ್ಲಿ ಬರುವಾಗ, "ಹೇಳಿದ್ನೇನೋ ಕಣೇ. ಆಗ ಎಲ್ರೂ ಹೇಳ್ತಿದ್ರು. ನೆನಪಾಗ್ತಿಲ್ಲ" ಅಂದರು. ಮೂರು ದಿನದಿಂದ ಅದನ್ನು ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದಾರೆ. ಶನಿವಾರ ಈ ಚಿತ್ರಗಳು ಪುಸ್ತಕವಾಗಲು ಅಚ್ಚಿಗೆ ಹೋಗುತ್ತವೆ ಎಂದು ಬಾಗಿಲಲ್ಲಿ ಬರೆದಿದೆ. ಒಮ್ಮೆ ಅಚ್ಚಾದರೆ ಆ ಮಾತು ಅವರ ಮೇಲೆ ಹಾಗೇ ಉಳಿಯುತ್ತದೆ, ಅದೇ ನನ್ನ ಸಂಕಟ.

ಬೇಗ ಹುಷಾರಾಗು, ಕೈತುಂಬ ಕೆಲಸವಿರಲಿ, ಹೊತ್ತಿಗೆ ಸರಿಯಾಗಿ ಊಟ ಇರಲಿ. ಅಪ್ಪ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಲಿಲ್ಲ, ಆದರೆ ಇದನ್ನು ತುರ್ತು ಅಂಚೆಗೆ ಕೊಟ್ಟು ಬರಲು ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಾರೆ.

ನಿನ್ನ ಅಮ್ಮ

ಮರೆತಿದ್ದೆ: ಅಪ್ಪ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ನನ್ನ ನೆಗೆಟಿವ್ ನನ್ನ ಮೇಜಿಗೇ ಬಂತು, ಕೈ ತಾನಾಗಿ ಪೆನ್ಸಿಲ್ ತೆಗೆದುಕೊಂಡಿತು. ನಿನ್ನೆ ಒಬ್ಬಳೇ ಮತ್ತೆ ಹೋಗಿದ್ದೆ. ಪರ್ಸಿನಲ್ಲಿ ಬ್ಲೇಡು ಇತ್ತು. "ಗಂಡ" ಎಂಬುದನ್ನು ಗೊತ್ತೇ ಆಗದಂತೆ ಕೆರೆದು ತೆಗೆಯಬಲ್ಲೆ ನಾನು, ಆದರೆ ಕೆರೆಯಲಿಲ್ಲ. ಒಂದು ಚೀಟಿ ಬರೆದೆ. ಕಾವಲಿನವಳು ಓದಿ ನೋಡಿ, ತಾನೇ ಗೋಂದು ತಂದು ಕೆಳಗೆ ಅಂಟಿಸಿಕೊಟ್ಟಳು. "ಯಾರೂ ಹೇಳಲಿಲ್ಲ. ಇವಳೇ ಅಳಿಸಿಕೊಂಡಳು. ಯಾಕೆಂದು ಅವಳಿಗೆ ಇನ್ನೂ ಗೊತ್ತಾಗಿಲ್ಲ." ಪುಸ್ತಕದಲ್ಲೂ ಹೀಗೇ ಇರಲಿ. ನಿನ್ನ ಕೆಲಸಕ್ಕೆ ಕೈ ಹಾಕಿದೆನೆಂದು ಆಮೇಲೆ ಎಷ್ಟು ಬೇಕಾದರೂ ಬೈ. ಮೊದಲು ಅಪ್ಪನಿಗೆ ಫೋನು ಮಾಡಿ ಇದನ್ನು ಹೇಳು. ಒಂದೇ ಮನೆಯಲ್ಲಿದ್ದೂ ಮೂರು ದಿನದಿಂದ ನನಗೆ ಹೇಳಲಾಗಿಲ್ಲ.