ಕಾಶಿಗೆ ನಾನು ಬರಲಿಲ್ಲ ಎಂದಿರಿ

ವಾರಿಜಕ್ಕ,

ಮೊದಲು ‘ಪ್ರೀತಿಯ’ ಅಂತ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಇಪ್ಪತ್ತೆರಡು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂತವರು ನಾವು. ನೀವು ಕನ್ನಡ, ನಾನು ಹಿಂದಿ. ಬೆಳುವಾಯಿಯಲ್ಲಿ ನಿಮ್ಮ ಉತ್ತರಕ್ರಿಯೆಯ ಊಟ ಮಾಡಿ ಬಂದು ಇವತ್ತಿಗೆ ಒಂಬತ್ತು ದಿನ. ನಿಮ್ಮ ಎದುರು ಹೇಳಲಿಕ್ಕೆ ಧೈರ್ಯ ಬಾರದ್ದನ್ನು ಈಗ ಬರೆಯುತ್ತಿದ್ದೇನೆ. ಈಗ ನಿಮಗೆ ಮಾತು ತಪ್ಪಿಸಲಿಕ್ಕೆ ಆಗುವುದಿಲ್ಲ, ಅಷ್ಟೇ.

ಪುಂಜಾಲಕಟ್ಟೆಯ ನಮ್ಮ ಶಾಲೆಯಲ್ಲಿ ಆ ಮಧ್ಯಾಹ್ನ ಬುತ್ತಿ ಮುಚ್ಚಿಡುತ್ತಾ ನೀವೇ ಮಾತು ತೆಗೆದದ್ದು. “ಮಕ್ಕಳನ್ನು ಕಟ್ಟಿಕೊಂಡು ತಿರುಗಿದ್ದು ಸಾಕು ಮಾರಾಯ್ತಿ. ದಸರಾ ರಜೆಯಲ್ಲಿ ನಾವು ನಾಲ್ಕೇ ಜನ ಕಾಶಿಗೆ ಹೋಗುವ.” ನಾಲ್ಕು ಜನ ಅಂದರೆ ನಾವಿಬ್ಬರು, ಸಮಾಜ ಪಾಠದ ಶೋಭಾ, ಗಣಿತದ ಲಿಲ್ಲಿ ಟೀಚರ್. “ಕಾಶಿಗೆ ನಾನಾ?” ಅಂತ ಕೇಳಿದೆ. ನೀವು ನಕ್ಕಿರಿ. “ನೀನು ಬಾರದಿದ್ದರೆ ಅಲ್ಲಿ ಹಿಂದಿ ಮಾತಾಡುವವರು ಯಾರು?” ನನಗಂತೂ ಅದೇ ಸಾಕಾಯಿತು. ಇಷ್ಟು ವರ್ಷ ಹಿಂದಿ ಕಲಿಸಿದವಳು ಹಿಂದಿ ಮಾತಾಡುವ ಒಂದು ಊರನ್ನೂ ನೋಡಿದವಳಲ್ಲ. ಬೆಳಗ್ಗಿನ ನದಿ, ಮಗ್ಗದ ಸದ್ದು ಕೇಳುವ ಓಣಿಗಳು, ದೋಣಿಯವರ ಮಾತು... ಪುಸ್ತಕದಲ್ಲಿ ಓದಿದ್ದನ್ನೆಲ್ಲ ಒಮ್ಮೆ ಕಿವಿಯಿಂದ ಕೇಳಬೇಕು ಅಂತ ಇತ್ತು.

ಆ ಎರಡು ತಿಂಗಳು ಊಟದ ಹೊತ್ತಿನಲ್ಲಿ ನಡೆದ ನಮ್ಮ ಹಿಂದಿ ಕ್ಲಾಸು ನೆನಪುಂಟಾ? ಆಟೋದವನಿಗೆ ಏನು ಹೇಳುವುದು, ಚಹಾದಲ್ಲಿ ಸಕ್ಕರೆ ಕಡಿಮೆ ಅನ್ನುವುದು ಹೇಗೆ, ಎಲ್ಲ ಕನ್ನಡ ಅಕ್ಷರದಲ್ಲಿ ಬರೆದು ಮೂವರಿಗೂ ಒಂದೊಂದು ಪ್ರತಿ ಕೊಟ್ಟಿದ್ದೆ. ದೇವಸ್ಥಾನದ ಮಾತು ಬಂದಾಗ ನಾನೇ ಹೇಳಿದೆ, “ನೀವು ದರ್ಶನ ಮಾಡಿ ಬನ್ನಿ. ನಿಮ್ಮ ಚಪ್ಪಲಿ, ಮೊಬೈಲ್ ನಾನು ಕಾಯ್ತೇನೆ.” ಅದನ್ನು ಹೇಳುವಾಗ ನನಗೆ ಏನೂ ಬೇಸರ ಇರಲಿಲ್ಲ. ದುಬಾಯಿಯಲ್ಲಿದ್ದ ನಮ್ಮ ಮನೆಯವರು ಊರಿಗೆ ಬರುವವರ ಕೈಯಲ್ಲಿ ನನಗೆ ನಡೆಯುವ ಬೂಟು ಕಳಿಸಿದರು. “ಮೆಟ್ಟಿಲು ಜಾಸ್ತಿಯಂತೆ, ಕಾಲು ಜಾಗ್ರತೆ” ಅಂದರು.

ಹೊರಡುವ ಮೊದಲಿನ ದಿನ ಸಂಜೆ ನಿಮ್ಮ ಫೋನ್ ಬಂತು. ನಾನು ಬ್ಯಾಗಿನ ಜಿಪ್ಪು ಎಳೆಯುತ್ತಿದ್ದೆ. “ಝೊಹರಾ, ಶೋಭಾಳ ಅತ್ತೆ ಬಿದ್ದಿದ್ದಾರೆ. ಈ ಸಲ ಬೇಡ. ಎಲ್ಲರದ್ದೂ ಕ್ಯಾನ್ಸಲ್.” ಟಿಕೆಟ್ ಮಾಡಿಸಿದ್ದು ಶೋಭಾಳ ಗಂಡ, ಹಾಗಾಗಿ ಕ್ಯಾನ್ಸಲ್ ಆಯಿತೋ ಇಲ್ಲವೋ ನಾನು ನೋಡುವ ಹಾಗಿರಲಿಲ್ಲ. ಪಾಪ ಅನ್ನಿಸಿತು. ಮರುದಿನ ಅತ್ತೆಯನ್ನು ವಿಚಾರಿಸಲಿಕ್ಕೆ ಶೋಭಾಳಿಗೆ ಎರಡು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ಆಸ್ಪತ್ರೆಯಲ್ಲಿರಬೇಕು ಅಂದುಕೊಂಡೆ. ಅವಳು ಆಗ ರೈಲಿನಲ್ಲಿ ನಿಮ್ಮ ಎದುರಿನ ಸೀಟಿನಲ್ಲಿ ಕೂತಿದ್ದಳು, ಅಲ್ವಾ?

ರಜೆ ಮುಗಿದು ಶಾಲೆ ಸುರುವಾದ ದಿನ ಬಿಸಿಯೂಟದ ಕಮಲಕ್ಕ ನನ್ನನ್ನು ಅಡಿಗೆಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು. “ಟೀಚರೇ, ಶೋಭಾ ಟೀಚರ್ ನನಗೆ ಗಂಗೆಯ ನೀರು ತಂದುಕೊಟ್ಟರು. ಕಾಶಿಯಲ್ಲಿ ನಿಮ್ಮ ಕಾಲುನೋವು ಹೇಗಿತ್ತು?”

ನಾಲ್ವರೂ ಹೋಗಿ ಬಂದಿದ್ದೇವೆ ಅಂತ ಅವರ ಲೆಕ್ಕ. ಕೈಯಲ್ಲಿ ಬೆಸುಗೆ ಹಾಕಿದ ಸಣ್ಣ ತಾಮ್ರದ ಗಿಂಡಿ ಇತ್ತು. ನಾನು ಏನು ಹೇಳಿದೆ ಗೊತ್ತುಂಟಾ? “ಕಡಿಮೆ ಇತ್ತು ಕಮಲಕ್ಕ” ಅಂದೆ. ನಿಮ್ಮ ಮರ್ಯಾದೆ ಉಳಿಸಲಿಕ್ಕೆ ಹೇಳಿದ್ದಾ, ನನ್ನದನ್ನಾ? ಇವತ್ತಿಗೂ ಗೊತ್ತಾಗುವುದಿಲ್ಲ. ಸ್ಟಾಫ್ ರೂಮಿಗೆ ಬಂದರೆ ನೀವು ಕಣ್ಣೆತ್ತದೆ ಉತ್ತರಪತ್ರಿಕೆ ತಿದ್ದುತ್ತಿದ್ದಿರಿ. “ರಜೆ ಹೇಗಿತ್ತು ವಾರಿಜಕ್ಕ?” ಅಂತ ಕೇಳಿದೆ. “ಮನೆಯಲ್ಲೇ ಇದ್ದೆ ಮಾರಾಯ್ತಿ” ಅಂದಿರಿ.

ಲಿಲ್ಲಿ ಟೀಚರಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಾಗ ಎಲ್ಲ ಹೇಳಿಬಿಟ್ಟರು. ಶೋಭಾಳ ಗಂಡ, “ಅಲ್ಲಿ ಎಲ್ಲ ಕಡೆ ಆಧಾರ್ ಕಾರ್ಡ್ ನೋಡ್ತಾರೆ. ಆ ಹೆಸರು ಕಂಡರೆ ನಿಮಗೆಲ್ಲ ತೊಂದರೆ” ಅಂದರಂತೆ. ಅದಕ್ಕೆ ನೀವು ಏನು ಹೇಳಿದಿರಿ ಅಂತ ಕೇಳಿದೆ. “ವಾರಿಜ ಟೀಚರ್ ಸುಮ್ಮನಿದ್ದರು” ಅಂದರು. ಲಿಲ್ಲಿ ಹೋಗಬಹುದು, ನಾನು ಬೇಡ. ಅವರನ್ನು ದೂರುವುದಿಲ್ಲ. ಶೋಭಾಳ ಮೇಲೂ ನನಗೆ ಅಷ್ಟು ಸಿಟ್ಟಿಲ್ಲ, ಅವಳು ಯಾವತ್ತೂ ಗಂಡ ಹೇಳಿದಷ್ಟೇ. ನೀವು ಹಾಗಲ್ಲವಲ್ಲ. ನನ್ನ ಎರಡನೇ ಹೆರಿಗೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಾಗುವವರೆಗೆ ಕೂತವರು ನೀವು. ನಿಮಗೆ ಒಂದು ಮಾತು ಬಾಯಿಗೆ ಬರಲಿಲ್ಲವಾ?

ಮೂಡಬಿದ್ರೆಯ ಆಸ್ಪತ್ರೆಯಲ್ಲಿ ನಿಮ್ಮ ಕೂದಲೆಲ್ಲ ಉದುರಿದ ಮೇಲೆ ನೋಡಲಿಕ್ಕೆ ಬಂದೆ. ನೀವು ನನ್ನ ಕೈ ಹಿಡಿದು, “ಗುಣ ಆಗಲಿ ಝೊಹರಾ, ಒಟ್ಟಿಗೆ ಕಾಶಿಗೆ ಹೋಗುವ” ಅಂದಿರಿ. ಹೇಳುವುದಾದರೆ ಅವತ್ತು ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದದ್ದು. ನಾನು ತುಂಬ ಹೊತ್ತು ಕಾದೆ. ನೀವು ಕಣ್ಣು ಮುಚ್ಚಿದಿರಿ. ಕೊನೆಗೆ ನಾನೂ “ಆಯ್ತು, ಹೋಗುವ” ಅಂದು ಎದ್ದು ಬಂದೆ. ನನಗೆ ಗೊತ್ತುಂಟು ಅನ್ನುವುದು ಗೊತ್ತಿಲ್ಲದೆಯೇ ನೀವು ಹೋದಿರಿ.

ಉತ್ತರಕ್ರಿಯೆಯ ದಿನ ನಿಮ್ಮ ಮಾಲೆ ಹಾಕಿದ ಫೋಟೋದ ಹಿಂದೆ ನದಿ ಕಾಣುತ್ತಿತ್ತು. ನಿಮ್ಮ ಮಗಳು ಶ್ರುತಿ ಊಟಕ್ಕೆ ಕೂತಿದ್ದ ನನ್ನ ಹತ್ತಿರ ಬಂದು ಮೆಲ್ಲ ಹೇಳಿದಳು, “ಇದು ಕಾಶಿಯ ಫೋಟೋ ಟೀಚರ್. ನಿಮ್ಮ ಮನೆಯಲ್ಲಿ ಬಿಡಲಿಲ್ಲಂತೆ ಅಲ್ವಾ? ಅಮ್ಮನಿಗೆ ತುಂಬ ಬೇಜಾರಾಗಿತ್ತು.”

ಬಿಟ್ಟು ಹೋದದ್ದನ್ನು ನಾನು ಹೇಗೋ ನುಂಗಿದ್ದೆ. ಆದರೆ ಇದು... ಬೂಟು ಕಳಿಸಿದ ಮನುಷ್ಯನ ತಲೆಗೆ ಕಟ್ಟಿದಿರಲ್ಲ? ಮುಸ್ಲಿಮರ ಮನೆ, ಬಿಡಲಿಕ್ಕಿಲ್ಲ ಅಂದರೆ ಯಾರೂ ಮತ್ತೆ ಪ್ರಶ್ನೆ ಕೇಳುವುದಿಲ್ಲ ಅಂತ ನಿಮಗೆ ಗೊತ್ತಿತ್ತು.

“ನಮ್ಮ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ ಮಗಾ. ನನ್ನ ಬ್ಯಾಗು ತುಂಬಿಸಿ ಆಗಿತ್ತು. ಅವರು ನನ್ನನ್ನು ಬಿಟ್ಟು ಹೋದದ್ದು” ಅಂದೆ. ಪಕ್ಕದ ಎಲೆಯವರಿಗೂ ಕೇಳಿಸಿತು. ಶ್ರುತಿ “ಅಮ್ಮ ಯಾಕೆ ಹಾಗೆ...” ಅಂದು ಅಲ್ಲಿಗೇ ನಿಲ್ಲಿಸಿದಳು. ತಾಯಿ ಹೋದ ಹುಡುಗಿಗೆ ಆ ದಿನ ಹೇಳಬಾರದಿತ್ತೋ ಏನೋ. ಆದರೆ ಹೇಳಿದ್ದನ್ನು ವಾಪಸು ತೆಗೆಯುವುದಿಲ್ಲ.

ಇನ್ನೊಂದು ಸುದ್ದಿ ಉಂಟು. ನಮ್ಮ ಮನೆಯವರು ದುಬಾಯಿ ಬಿಟ್ಟು ಊರಿಗೇ ಬಂದಿದ್ದಾರೆ. ಬರುವ ರಜೆಯಲ್ಲಿ ನಾವಿಬ್ಬರೂ ಕಾಶಿಗೆ ಹೋಗುತ್ತೇವೆ. ಅದು ಹೇಗೋ ಶೋಭಾಳ ಕಿವಿಗೆ ಬಿದ್ದು, ಮೊನ್ನೆ ಫೋನ್ ಮಾಡಿ ಅತ್ತಳು. “ವಾರಿಜಕ್ಕನ ಹೆಸರಲ್ಲಿ ಗಂಗೆಯಲ್ಲಿ ಒಂದು ದೀಪ ಬಿಡು ಝೊಹರಾ” ಅಂದಳು.

ಆಗುವುದಿಲ್ಲ ಅಂದೆ. ನಾನು ಊರು ನೋಡಲಿಕ್ಕೆ ಹೋಗುವುದು.

ಝೊಹರಾ
ಫರಂಗಿಪೇಟೆ