ಹನ್ನೊಂದು ಬಾಗಿಲಿಗೆ ಬಿಳಿ ಬಣ್ಣ

ಭಾನುವಾರ, ೧೪ನೇ ತಾರೀಖು

ನನ್ನ ಬಾಯಿಬಡುಕಿ ತಂಗಿಗೆ,

ಅಕ್ಕನ ಮುದ್ದು. ನಿನ್ನ ಮೂರು ಕಾಗದಕ್ಕೆ ನನ್ನದು ಇದೊಂದು. ಬೈಕೋ, ಆದರೆ ಪೂರ್ತಿ ಓದಿ ಆಮೇಲೆ ಬೈಕೋ. ಅಕ್ಷರ ಇಷ್ಟು ದಪ್ಪ ಯಾಕೆ ಅಂತ ನಗಬೇಡ, ಕೈಗೆಲ್ಲ ಬಣ್ಣ.

ಅಡುಗೆಮನೆ ಕಪಾಟಿನ ಬಾಗಿಲುಗಳಿಗೆ ಬಿಳಿ ಬಣ್ಣ ಹೊಡೆದೆ ಕಣೇ. ಹೌದು, ಅಪ್ಪ ಕೈಯಾರೆ ಮಾಡಿದ ಅದೇ ಕಡುಕಂದು ಬಾಗಿಲುಗಳಿಗೇ! "ಒಳ್ಳೇ ಮರಕ್ಕೆ ಬಣ್ಣ ಬಳಿಯೋದೂ ಒಂದೇ, ಬಡಗಿ ಮುಖಕ್ಕೆ ಮಸಿ ಬಳಿಯೋದೂ ಒಂದೇ" ಅಂದು ಅಪ್ಪ ಮೂರು ದಿನ ಅಡುಗೆಮನೆಗೆ ಕಾಲಿಡಲಿಲ್ಲ. ಹೊಸ ಕಪಾಟು ಮಾಡಿಸೋ ಶಕ್ತಿ ನಮಗೆಲ್ಲಿದೆ, ಹೇಳು? ಯಾರೋ ತಮಗೆ ಬೇಕಾದ ಹಾಗೆ ಕಲಸಿಸಿ, ಆಮೇಲೆ ಬೇಡ ಅಂತ ಬಿಟ್ಟುಹೋದ ಬಣ್ಣದ ಡಬ್ಬ ಅಂಗಡೀಲಿ ಅರ್ಧ ಬೆಲೆಗೆ ಸಿಕ್ಕಿತು. ಹಳೇ ಹಿಡಿಗಳನ್ನೇ ಬಿಸಿನೀರಲ್ಲಿ ನೆನೆಸಿ ತಿಕ್ಕಿದೆ.

ಇನ್ನು ನನ್ನ ಜಾಣತನ ಕೇಳು. ಬಾಗಿಲು ಬಿಚ್ಚುವಾಗ ಹಿಂದೆ ಪೆನ್ಸಿಲ್ಲಲ್ಲಿ ನಂಬರ್ ಬರೆದೆ. ಆಮೇಲೆ ಪಾಲಿಶ್ ಹೋಗಲಿ ಅಂತ ಸ್ಯಾಂಡ್‌ಪೇಪರ್ ಹಿಡಿದು ಎರಡೂ ಕಡೆ ಉಜ್ಜಿದೆ. ನಂಬರೂ ಹೋಯಿತು! ಹನ್ನೊಂದು ಬಾಗಿಲು, ಎಲ್ಲ ಬೆಳ್ಳಗೆ, ಒಂದರ ಅಳತೆ ಇನ್ನೊಂದಕ್ಕಿಲ್ಲ. ತಲೆ ಮೇಲೆ ಕೈ ಹೊತ್ತು ಕೂತೆ.

ಕೊನೆಗೆ ಅಪ್ಪನೇ ಬಂದರು. "ನಿನ್ನ ಬಿಳಿ ನಾನು ನೋಡಲ್ಲ" ಅಂತ ಹಟಕ್ಕೆ ಕಣ್ಣು ಮುಚ್ಚಿಕೊಂಡು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಇದು ಒಲೆ ಪಕ್ಕದ್ದು. ಇದು ಸಿಂಕಿನ ಕೆಳಗಿಂದು" ಅಂದರು. ಒಂದೂ ತಪ್ಪಲಿಲ್ಲ ಕಣೇ! "ನನಗೂ ಕಲಿಸಿ ಅಪ್ಪಾ" ಅಂದೆ. "ನಲವತ್ತು ದಾಟಿದ ಮೇಲೆ ಬಡಗಿ ಆಗ್ತೀಯಾ?" ಅಂತ ನಕ್ಕರು. ನಕ್ಕೊಂಡೇ ನನ್ನ ಬೆರಳು ಹಿಡಿದು ಒಂದೊಂದು ಅಂಚನ್ನೂ ಮುಟ್ಟಿಸಿದರು. ಈಗ ಏಳು ಬಾಗಿಲು ನನಗೂ ಗೊತ್ತಾಗುತ್ತೆ.

ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಮನೆ ತುಂಬಿರಲಿ, ಬಾಯಿಗೆ ಬಿಡುವಿಲ್ಲದ ಹಾಗೆ ಮಾತಾಡೋ ಜನ ಸಿಗಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಬಣ್ಣ ಹೊಡೆದದ್ದು ಚಂದಕ್ಕಲ್ಲ ಪುಟ್ಟೀ. ಕಂದು ಬಾಗಿಲು ತೆರೆದಿದ್ದದ್ದು ಕಾಣದೆ ಎರಡು ಸಲ ಹಣೆ ಒಡೆದುಕೊಂಡೆ. ಅಕ್ಷರ ದಪ್ಪಗಾದದ್ದೂ ಅದಕ್ಕೇ. ಕಣ್ಣಿನ ಡಾಕ್ಟರು, "ಇನ್ನೊಂದು ವರ್ಷ ಸಿಗಬಹುದು, ಆಮೇಲೆ ಬಿಳಿಯೂ ಕಾಣಲ್ಲ" ಅಂದಿದ್ದಾರೆ. ಅಪ್ಪನಿಗೆ ಹೇಳಬೇಡ. ಮಗಳು ಹಟಮಾರಿ ಅಂತಲೇ ಬೈಕೊಂಡಿರಲಿ. ನನಗೆ ತುಂಬಾ ಭಯ ಆಗ್ತಿದೆ ಕಣೇ. ಉಳಿದ ನಾಲ್ಕು ಬಾಗಿಲನ್ನ ಹೇಗೋ ಬೆರಳಲ್ಲಿ ಕಲಿತೇನು. ನಿನ್ನ ಮುಖ ಕಣ್ಣಲ್ಲೇ ನೋಡಬೇಕು, ಬೇಗ ಬಾ.